ಇಂಗ್ಲಿಷ್ ಪದಕ್ಕೂ ಪ್ರಸ್ತಾರ ಹಾಕೋಣ

ಪದವಿ ಮುಗಿಸಿ ಮೊದಲ ಸಂದರ್ಶನಕ್ಕೆ ಹೋಗಿದ್ದೆ. ನಾನು ಓದಿದ್ದು ಪರಿಸರ ವಿಜ್ಞಾನ. ಅಧಿಕಾರಿ ನನ್ನ ಅರ್ಜಿಯ ಮೇಲೆ ಬೆರಳಿಟ್ಟು, 'ನಿಮ್ಮ ವಿಷಯದ ಹೆಸರನ್ನೇ ತಪ್ಪು ಬರೆದಿದ್ದೀರಲ್ಲ' ಎಂದರು. 'ಎನ್ವಿರಾನ್‌ಮೆಂಟಲ್' ಪದದಲ್ಲಿ 'ಎಮ್'ಗಿಂತ ಮೊದಲು ಬರುವ 'ಎನ್' ಬಿಟ್ಟುಹೋಗಿತ್ತು. ಕೆಲಸ ಸಿಗಲಿಲ್ಲ. ಬಸ್ಸಿನಲ್ಲಿ ಊರಿಗೆ ಮರಳುವಾಗ ಆ ಒಂದು ಅಕ್ಷರವೇ ಕಣ್ಣ ಮುಂದಿತ್ತು.

ತಪ್ಪು ನನ್ನದೇ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಸ್ಪೆಲ್ಲಿಂಗ್ ಎಂದರೆ ಉರು ಹೊಡೆಯುವುದು ಎಂದಷ್ಟೇ ಗೊತ್ತಿತ್ತು. ಪದವನ್ನು ಸಿಲಬಲ್‌ಗಳಾಗಿ ಬಿಡಿಸಬಹುದೆಂದು ಯಾರೂ ಹೇಳಿರಲಿಲ್ಲ. ಎನ್-ವೈ-ರನ್-ಮೆನ್-ಟಲ್ ಎಂದು ಬಿಡಿಸಿ ಹೇಳಿಕೊಂಡಿದ್ದರೆ ಆ 'ಎನ್' ತಪ್ಪಿಸಿಕೊಳ್ಳುತ್ತಿರಲಿಲ್ಲ. 'ಗವರ್ನ್‌ಮೆಂಟ್' ಬರೆಯುವಾಗಲೂ ನಮ್ಮಲ್ಲಿ ಅನೇಕರು ನುಂಗುವುದು ಇದೇ ಅಕ್ಷರವನ್ನು.

ನಿಜಕ್ಕೂ ಈ ವಿದ್ಯೆ ನಮಗೆ ಹೊಸದಲ್ಲ. ಪ್ರೌಢಶಾಲೆಯಲ್ಲಿ ಭಾಮಿನಿ ಷಟ್ಪದಿಗೆ ಲಘು-ಗುರು ಗುರುತು ಹಾಕಿ, ಮೂರು-ನಾಲ್ಕು ಮಾತ್ರೆಗಳ ಗಣ ಬಿಡಿಸಿದವರು ನಾವು. ಹಾಗೆಯೇ ಇಂಗ್ಲಿಷ್ ಪದವನ್ನೂ ಬಿಡಿಸಬಹುದು. ಒಂದು ಸ್ವರದ ದನಿಗೆ ಒಂದು ಸಿಲಬಲ್ ಎಂಬುದು ಮೊದಲ ಪಾಠ. 'ಸ್ಕೂಲ್' ಎಂಬ ಒಂದೇ ಸಿಲಬಲ್ ನಮ್ಮ ಹಳ್ಳಿಯ ಬಾಯಲ್ಲಿ 'ಇಸ್ಕೂಲು' ಎಂದು ಮೂರಾಗುತ್ತದೆ. ಡಿನ್-ನರ್, ಡೈ-ನರ್ ನೋಡಿ. ಸಿಲಬಲ್ ವ್ಯಂಜನದಲ್ಲಿ ಮುಗಿದರೆ ಸ್ವರ ಸಾಮಾನ್ಯವಾಗಿ ಗಿಡ್ಡ. ಎರಡು 'ಎನ್' ಯಾವುದಕ್ಕೆ, ಒಂದು ಯಾವುದಕ್ಕೆ ಎಂಬ ಗೊಂದಲ ಅಲ್ಲಿಗೆ ಮುಗಿಯಿತು.

ಒತ್ತು ಮಾತ್ರ ನಮಗೆ ಹೊಸದು. 'ಫೋಟೊಗ್ರಾಫ್' ಪದದಲ್ಲಿ ಒತ್ತು ಮೊದಲ ಸಿಲಬಲ್ ಮೇಲೆ, 'ಫಟಾಗ್ರಫಿ'ಯಲ್ಲಿ ಎರಡನೆಯದರ ಮೇಲೆ, 'ಫೋಟೊಗ್ರ್ಯಾಫಿಕ್'ನಲ್ಲಿ ಮೂರನೆಯದರ ಮೇಲೆ. ನಿಘಂಟಿನ ಉಚ್ಚಾರಣೆಯ ಸಾಲಿನಲ್ಲಿ ಒತ್ತು ಬೀಳುವ ಸಿಲಬಲ್‌ಗೆ ಮೊದಲು ಪುಟ್ಟ ಗೆರೆ ಇರುತ್ತದೆ. ಎಷ್ಟೋ ವರ್ಷ ಅದನ್ನು ನಾನು ಅಚ್ಚಿನ ಕಲೆ ಎಂದುಕೊಂಡಿದ್ದೆ!

ಎಲ್ಲ ಪದವೂ ಈ ಲೆಕ್ಕಕ್ಕೆ ಬಗ್ಗುವುದಿಲ್ಲ ನಿಜ. 'ವೆಡ್-ನೆಸ್-ಡೇ' ಎಂದು ಮನಸ್ಸಿನಲ್ಲಿ ಹೇಳಿಕೊಂಡು ಬರೆಯಬೇಕು, 'ವೆನ್ಸ್-ಡೇ' ಎಂದು ಮಾತಾಡಬೇಕು.

ಮಾತಿನಲ್ಲಿ ನಮ್ಮೂರಿನ ಸೊಗಡು ಇದ್ದರೆ ನನಗೇನೂ ನಾಚಿಕೆಯಿಲ್ಲ. ಎದುರಿಗಿದ್ದವರಿಗೆ ಪದ ತಿಳಿದರೆ ಸಾಕು. ಅದಕ್ಕಾಗಿ ಸಾವಿರಾರು ರೂಪಾಯಿಯ ಸ್ಪೋಕನ್ ಇಂಗ್ಲಿಷ್ ಕೋರ್ಸ್ ಹುಡುಕುವ ಮೊದಲು, ಶಾಲೆಯ ಇಂಗ್ಲಿಷ್ ತರಗತಿಯಲ್ಲೇ ವಾರಕ್ಕೆ ಹತ್ತು ನಿಮಿಷ ಪದ ಬಿಡಿಸಲು ಕಲಿಸಲಿ ಎಂಬುದು ನನ್ನ ಆಸೆ.

ಮುಂದಿನ ವಾರ ಮತ್ತೊಂದು ಸಂದರ್ಶನವಿದೆ. ಈ ಸಲ ಅರ್ಜಿಯ ಪ್ರತಿ ಉದ್ದ ಪದವನ್ನೂ ಪೆನ್ಸಿಲ್‌ನಲ್ಲಿ ಬಿಡಿಸಿ ನೋಡಿಯೇ ಕಳುಹಿಸಿದ್ದೇನೆ.