ಸೈನಿಕರ ಅಂಗವೈಕಲ್ಯ ವೇತನವೂ ವೈದ್ಯಮಂಡಲದ ಹೊಣೆಯೂ

ವಿಜಯಪುರದಲ್ಲಿ 1963ನೆಯ ಇಸವಿಯಲ್ಲಿ ಸ್ಥಾಪಿತವಾದ ಸೈನಿಕ ಶಾಲೆಯನ್ನು ಕಂಡು ನಾವು ಹೆಮ್ಮೆಪಡುತ್ತೇವೆ. ತಿಕೋಟಾ, ಬಬಲೇಶ್ವರಗಳ ಕಡೆಯ ತರುಣನೊಬ್ಬನು ಸೈನ್ಯ ಸೇರಿದನೆಂದರೆ ಊರಿಗೆ ಊರೇ ಹಿಗ್ಗುತ್ತದೆ. ಆದರೆ ಅದೇ ತರುಣನು ಸೇವೆ ತೀರಿಸಿ, ಕಾಲಿನಲ್ಲಿ ನೋವನ್ನೂ ಕೈಯಲ್ಲಿ ಕಾಗದಗಳ ಕಟ್ಟನ್ನೂ ಹೊತ್ತು ಮರಳಿದಾಗ ಅವನ ಪಾಡೇನಾಯಿತೆಂದು ವಿಚಾರಿಸುವವರು ವಿರಳ. ಅಂಥವರ ಅಂಗವೈಕಲ್ಯ ವೇತನವನ್ನು ನಿರ್ಣಯಿಸುವ ವೈದ್ಯಪರೀಕ್ಷೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಆಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಪದ್ಧತಿಯನ್ನು ತಿಳಿದುಕೊಳ್ಳೋಣ. ಸೈನಿಕನು ಸೇವೆಯಿಂದ ಬಿಡುಗಡೆ ಹೊಂದುವಾಗ ಸೈನ್ಯದ ಡಾಕ್ಟರರ ಮಂಡಲವೊಂದು ಅವನನ್ನು ಪರೀಕ್ಷಿಸುತ್ತದೆ. ಅದು ಉತ್ತರಿಸಬೇಕಾದ ಪ್ರಶ್ನೆಗಳು ಮೂರು: ಇವನಿಗಿರುವ ಊನವೇನು? ಅದು ಸೇವೆಯಿಂದ ಉಂಟಾದುದೇ, ಅಥವಾ ಸೇವೆಯಿಂದ ಉಲ್ಬಣಗೊಂಡುದೇ? ಅದರ ಪ್ರಮಾಣ ಶೇಕಡಾ ಎಷ್ಟು? ಪ್ರಮಾಣವು ಶೇಕಡಾ 20ಕ್ಕಿಂತ ಕಡಿಮೆಯಾದರೆ ನಿಯಮದ ಪ್ರಕಾರ ವೇತನವಿಲ್ಲ. ‘ಸೇವೆಯಿಂದ ಉಂಟಾದುದೂ ಅಲ್ಲ, ಉಲ್ಬಣಗೊಂಡುದೂ ಅಲ್ಲ’ ಎಂದು ಬರೆದರಂತೂ ಪ್ರಮಾಣ ಎಷ್ಟಿದ್ದರೂ ಫಲವಿಲ್ಲ. ಒಂದು ಸಾಲಿನ ಬರವಣಿಗೆಯ ಮೇಲೆ ಒಂದು ಸಂಸಾರದ ಮುಂದಿನ ಮೂವತ್ತು ನಲವತ್ತು ವರ್ಷಗಳ ಅನ್ನ ನಿಂತಿದೆಯೆಂದರೆ ಅತಿಶಯೋಕ್ತಿಯಲ್ಲ.

ದೇಹವಾದರೋ ಮಂಡಲದ ಸಭೆ ಮುಗಿದೊಡನೆ ತನ್ನ ಲೆಕ್ಕವನ್ನು ಮುಗಿಸುವುದಿಲ್ಲ. ತಿಕೋಟಾದ ಹವಾಲ್ದಾರನೊಬ್ಬನನ್ನು ಊಹಿಸಿಕೊಳ್ಳೋಣ. ಹಿಮದ ನಾಡಿನಲ್ಲಿ ಬಿದ್ದು ಬಲ ಮೊಳಕಾಲನ್ನು ಕೆಡಿಸಿಕೊಂಡು, ನಲವತ್ತರ ಆಸುಪಾಸಿನಲ್ಲಿ ಮನೆಗೆ ಬರುತ್ತಾನೆ. ಮೊಳಕಾಲಿನ ಊನಕ್ಕೆ ಇಂತಿಷ್ಟೆಂದು ಬರೆದಾಗಿರುತ್ತದೆ. ದ್ರಾಕ್ಷಿಯ ತೋಟದಲ್ಲಿ ದುಡಿಯುತ್ತ, ನೋಯುವ ಕಾಲನ್ನು ಕಾಯಲೆಂದು ಎಡಗಾಲಿನ ಮೇಲೆ ಭಾರ ಹಾಕುತ್ತ ಹತ್ತು ವರ್ಷ ಕಳೆಯುವಷ್ಟರಲ್ಲಿ ಎಡಗಾಲಿನ ಕೀಲು ಸವೆಯುತ್ತದೆ, ಸೊಂಟ ಹಿಡಿಯುತ್ತದೆ, ಬೆನ್ನು ಬಾಗುತ್ತದೆ. ಸೇವೆಯಲ್ಲಿರುವಾಗ ಹಿಡಿದ ಮಧುಮೇಹವು ಸೇವೆಯ ಫಲವೆಂದು ಒಪ್ಪಲ್ಪಟ್ಟವನಿಗೆ ಮುಂದೆ ಕಣ್ಣೋ ಮೂತ್ರಪಿಂಡವೋ ಕೆಡಬಹುದು. ಈ ಎರಡನೆಯ ಊನಗಳು ಎಲ್ಲಿಂದ ಬಂದವು? ಮೊದಲನೆಯದರ ಬೇರಿನಿಂದಲ್ಲವೇ?

ನಿಯಮಗಳು ಇದಕ್ಕೆ ಸಂಪೂರ್ಣ ಕುರುಡಾಗಿಲ್ಲವೆಂಬುದನ್ನು ಒಪ್ಪಲೇಬೇಕು. ಬಿಡುಗಡೆಯ ನಂತರ ನಿಯಮಿತ ವರ್ಷಗಳೊಳಗೆ ಕಾಣಿಸಿಕೊಂಡ ರೋಗವು ಸೇವಾಕಾಲದಲ್ಲೇ ಬೇರೂರಿತ್ತೆಂದು ವೈದ್ಯರು ಸಿದ್ಧಪಡಿಸಿದರೆ ಅದನ್ನು ಸೇವೆಗೆ ಸೇರಿಸಲು ಅವಕಾಶವುಂಟು. 2001ರ ಫೆಬ್ರವರಿಯ ಸರಕಾರಿ ಆಜ್ಞೆಯಂತೆ ಶಾಶ್ವತ ಊನದ ಪ್ರಮಾಣವು ಆಜೀವ ಸ್ಥಿರವಾದರೂ, ಸೈನಿಕನು ತಾನೇ ಕೇಳಿಕೊಂಡರೆ ಪುನಃ ಪರೀಕ್ಷೆ ನಡೆಯಬಹುದು. ಹೀಗೆ ಬಾಗಿಲು ಇದೆ. ಆದರೆ ಅದನ್ನು ತಟ್ಟುವವನು ಮೊದಲನೆಯ ಊನಕ್ಕೂ ಎರಡನೆಯದಕ್ಕೂ ನಡುವಣ ಕೊಂಡಿಯನ್ನು ತೋರಿಸಬೇಕು. ಆ ಕೊಂಡಿಯನ್ನು ತೋರಿಸಬಲ್ಲ ದಾಖಲೆಗಳು ಸೈನ್ಯದ ಕಚೇರಿಯಲ್ಲಿವೆ, ನೋವು ಮಾತ್ರ ಇವನ ಬಳಿ ಇದೆ.

ನ್ಯಾಯಾಲಯಗಳು ಈ ವಿಷಮತೆಯನ್ನು ಚೆನ್ನಾಗಿ ಗುರುತಿಸಿವೆ. 1985ರಲ್ಲಿ ಸೈನ್ಯ ಸೇರಿ, ಮೂರ್ಛೆರೋಗದ ಕಾರಣದಿಂದ 1994ರಲ್ಲಿ ಹೊರಗೆ ಕಳುಹಲ್ಪಟ್ಟ ಧರ್ಮವೀರ ಸಿಂಗರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಸ್ಪಷ್ಟ ನಿರ್ಣಯವಿತ್ತಿತು. ಸೇರುವಾಗ ರೋಗವಿತ್ತೆಂದು ಬರೆದಿಡದಿದ್ದರೆ ಸೈನಿಕನು ಆರೋಗ್ಯವಂತನಾಗಿಯೇ ಸೇರಿದನೆಂದು ತಿಳಿಯತಕ್ಕದ್ದು; ರೋಗವು ಸೇವೆಯ ಫಲವಲ್ಲವೆಂದು ತೋರಿಸುವ ಹೊಣೆ ಸರಕಾರದ್ದು; ಸಂಶಯದ ಲಾಭ ಸೈನಿಕನಿಗೆ. 2025ರಲ್ಲಿ ರಾಜುಮೋನ್ ಎಂಬವರ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಕಾರಣಗಳನ್ನು ಕೊಡದ ವೈದ್ಯಮಂಡಲದ ಅಭಿಪ್ರಾಯವನ್ನು ಆಧರಿಸಿ ವೇತನವನ್ನು ನಿರಾಕರಿಸಲಾಗದೆಂದು ತೀರ್ಪಿತ್ತಿತು. ಇಷ್ಟಾದರೂ ಒಬ್ಬೊಬ್ಬ ಸೈನಿಕನೂ ಅದೇ ಮಾತನ್ನು ಹೊಸದಾಗಿ ನ್ಯಾಯಪೀಠದ ಮುಂದೆ ಹೇಳಬೇಕೆಂದರೆ ತೀರ್ಪುಗಳ ಪ್ರಯೋಜನವೇನು?

ಅಮೇರಿಕೆಯ ನಿಯಮವು ಇಲ್ಲಿ ವಿಚಾರಾರ್ಹವಾಗಿದೆ. ಸೇವೆಯಿಂದುಂಟಾದ ಒಂದು ಊನದ ಪರಿಣಾಮವಾಗಿ ಮತ್ತೊಂದು ಹುಟ್ಟಿದರೆ ಅದನ್ನೂ ಸೇವಾಜನ್ಯವೆಂದೇ ಅಲ್ಲಿ ಎಣಿಸುತ್ತಾರೆ. ಪರೀಕ್ಷಿಸುವ ಡಾಕ್ಟರನು ಕೊಂಡಿಯ ಸಾಧ್ಯಾಸಾಧ್ಯತೆಯನ್ನು ತೂಗಿ ಕಾರಣಸಹಿತ ಬರೆಯಬೇಕು. ತಕ್ಕಡಿ ಸಮವಾಗಿ ನಿಂತರೆ ಅದು ಸೈನಿಕನ ಕಡೆಗೆ ವಾಲುತ್ತದೆ. ಅಲ್ಲಿಯೂ ತಂಟೆ ತಕರಾರುಗಳಿಲ್ಲವೆಂದಲ್ಲ. ಆದರೆ ಡಾಕ್ಟರನಿಗೆ ಕೇಳಬೇಕಾದ ಪ್ರಶ್ನೆಯನ್ನು ನೇರವಾಗಿ ಕೇಳಲಾಗಿದೆ. ನಮ್ಮಲ್ಲಿ ಆ ಪ್ರಶ್ನೆಯನ್ನು ಸೈನಿಕನೇ ಹುಡುಕಿ ತಂದು ಮಂಡಲದ ಮುಂದಿಡಬೇಕಾಗಿದೆ.

ಬೊಕ್ಕಸದ ಕಾವಲುಗಾರರು ಇದಕ್ಕೆ ಆಕ್ಷೇಪವೆತ್ತುವರೆಂಬುದನ್ನು ನಾವು ಬಲ್ಲೆವು. ಮಹಾಲೇಖಪಾಲರ 2023ರ ವರದಿಯು, ಅಂಗವೈಕಲ್ಯ ವೇತನದೊಡನೆ ನಿವೃತ್ತರಾಗುವವರ ಪ್ರಮಾಣವು ಜವಾನರಿಗಿಂತ ಅಧಿಕಾರಿಗಳಲ್ಲೇ ಹೆಚ್ಚೆಂಬುದನ್ನೂ, ಜೀವನಕ್ರಮದಿಂದ ಬರುವ ರೋಗಗಳು ಇದರಲ್ಲಿ ದೊಡ್ಡ ಪಾಲು ಪಡೆದಿವೆಯೆಂಬುದನ್ನೂ ಎತ್ತಿ ತೋರಿಸಿತು. ಅದೇ ವರ್ಷದ ಸೆಪ್ಟೆಂಬರ್ 21ರಿಂದ ಸರಕಾರವು ಹೊಸ ನಿಯಮಗಳನ್ನು ಜಾರಿಗೆ ತಂದಿತು. ಸಾರ್ವಜನಿಕ ಹಣ ಪೋಲಾಗಬಾರದೆಂಬುದರಲ್ಲಿ ನಮಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಕಾರಣ ಬರೆಯದ ಮಂಡಲವು ಸುಳ್ಳು ಬೇಡಿಕೆಯನ್ನು ತಡೆಯುವುದೂ ಇಲ್ಲ, ನಿಜವಾದುದನ್ನು ಕಾಯುವುದೂ ಇಲ್ಲ. ಬಲ್ಲವನು ದಾರಿ ಕಂಡುಕೊಳ್ಳುತ್ತಾನೆ. ಬಬಲೇಶ್ವರದ ಸಿಪಾಯಿ ಸಹಿ ಮಾಡಿ ಮನೆಗೆ ಬರುತ್ತಾನೆ. ಕಾರಣಸಹಿತವಾದ ನಿರ್ಣಯವು ಸೈನಿಕನನ್ನೂ ಬೊಕ್ಕಸವನ್ನೂ ಏಕಕಾಲಕ್ಕೆ ರಕ್ಷಿಸುತ್ತದೆ.

ಇನ್ನು ದೂರದ ಮಾತು. ಪುನಃಪರೀಕ್ಷೆಗೆಂದು ಹೋಗಬೇಕಾದವನಿಗೆ ಹತ್ತಿರದ ಸೈನಿಕ ಆಸ್ಪತ್ರೆ ಇರುವುದು ವಿಜಯಪುರದಿಂದ ಸುಮಾರು 200 ಕಿಲೋಮೀಟರ್ ದೂರದ ಬೆಳಗಾವಿಯಲ್ಲಿ. ಅಲ್ಲಿಂದ ಮುಂದೆ ಪುಣೆ, ಬೆಂಗಳೂರು. ಸಶಸ್ತ್ರ ಪಡೆಗಳ ನ್ಯಾಯಮಂಡಲದ ವಿಭಾಗದಲ್ಲಿ ಕರ್ನಾಟಕವು ಕೊಚ್ಚಿಯ ಪೀಠಕ್ಕೆ ಸೇರಿದೆ. ಉಚ್ಚ ನ್ಯಾಯಾಲಯವು ಜನರ ಹತ್ತಿರಕ್ಕೆ ಬರಬೇಕೆಂದು ನಾವೆಲ್ಲರೂ ಹೋರಾಡಿದ ಫಲವಾಗಿ 2008ರಲ್ಲಿ ಧಾರವಾಡ, ಕಲಬುರ್ಗಿಗಳಲ್ಲಿ ಪೀಠಗಳಾದವು. ಹೊಲದ ಮೇರೆಯ ದಾವೆಗೆ ಕಲಬುರ್ಗಿ ಸಾಕಾಗುವಾಗ, ಕುಂಟುವ ಸೈನಿಕನ ದಾವೆಗೆ ಕೊಚ್ಚಿ ಏಕೆ?

ಆದುದರಿಂದ ನಮ್ಮ ಸೂಚನೆಗಳು ಇಂತಿವೆ. ವೈದ್ಯಮಂಡಲವು ಪ್ರತಿಯೊಂದು ನಿರಾಕರಣೆಗೂ ಕಾರಣವನ್ನು ಬರೆಯಲಿ. ಅದರ ಪ್ರತಿಯನ್ನು ಸೈನಿಕನಿಗೆ ಕೊಟ್ಟು, ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಿ. ಒಪ್ಪಲ್ಪಟ್ಟ ಊನದಿಂದ ಹುಟ್ಟಿದ ಮತ್ತೊಂದು ಊನದ ಪ್ರಶ್ನೆಯನ್ನು ಪುನಃಪರೀಕ್ಷೆಯ ನಮೂನೆಯಲ್ಲಿಯೇ ಸೇರಿಸಲಿ. ವರ್ಷಕ್ಕೊಮ್ಮೆಯಾದರೂ ಮಂಡಲವು ವಿಜಯಪುರಕ್ಕೆ ಬರಲಿ: ಇಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸಾಲಯವಿದೆ, ಜಿಲ್ಲಾ ಆಸ್ಪತ್ರೆಯಿದೆ, 1986ರಿಂದ ನಡೆದುಬಂದ ವೈದ್ಯಕೀಯ ಮಹಾವಿದ್ಯಾಲಯವಿದೆ, ಎಲುಬು ಕೀಲುಗಳ ತಜ್ಞರಿಗೆ ಕೊರತೆಯಿಲ್ಲ. ಅವರ ಅಭಿಪ್ರಾಯವನ್ನು ಮಂಡಲವು ಕಡ್ಡಾಯವಾಗಿ ಪರಿಗಣಿಸಲಿ.

ನಿವೃತ್ತ ಯೋಧರಿಗೂ ಒಂದು ಮಾತು. ಬಿಡುಗಡೆಯ ದಿನದ ಪರೀಕ್ಷಾಪತ್ರವನ್ನು ಹೊಲದ ಉತಾರಿಯಂತೆ ಜೋಪಾನ ಮಾಡಿರಿ. ನೋವು ಕಂಡ ದಿನವೇ ಡಾಕ್ಟರರಿಂದ ಬರೆಯಿಸಿಕೊಳ್ಳಿರಿ. ‘ಇರಲಿ, ತಾಳಿಕೊಳ್ಳೋಣ’ ಎಂಬ ಸಿಪಾಯಿಯ ಸಹಜ ಗುಣವೇ ಇಲ್ಲಿ ಅವನಿಗೆ ಮುಳುವಾಗುತ್ತದೆ. ನಿರಾಕರಣೆ ಬಂದರೆ ಮೇಲ್ಮನವಿಯ ಅವಧಿ ಮೀರಗೊಡದೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯನ್ನು ಕಾಣಿರಿ. ತಿಕೋಟಾ, ಬಬಲೇಶ್ವರಗಳು ಈಗ ತಾಲೂಕಿನ ಕೇಂದ್ರಗಳಾಗಿರುವುದರಿಂದ, ಅಲ್ಲಿಯ ತಹಸೀಲದಾರರೂ ವಕೀಲರೂ ತಿಂಗಳಿಗೊಂದು ದಿನವನ್ನು ಇವರ ಕಾಗದಪತ್ರಗಳಿಗಾಗಿ ಮೀಸಲಿಟ್ಟರೆ ಅದೊಂದು ದೊಡ್ಡ ಉಪಕಾರವಾದೀತು.

ಸೈನಿಕನು ಬೇಡುವುದು ಭಿಕ್ಷೆಯನ್ನಲ್ಲ. ಅವನು ಆರೋಗ್ಯವಂತನೆಂದು ನೋಡಿಯೇ ದೇಶವು ಅವನ ದೇಹವನ್ನು ದುಡಿಸಿಕೊಂಡಿತು. ಆ ದುಡಿತದ ಲೆಕ್ಕವನ್ನು ಕೊನೆಯವರೆಗೆ ಸರಿಯಾಗಿ ಬರೆಯಿರೆಂದಷ್ಟೇ ಅವನು ಕೇಳುತ್ತಾನೆ. ಬರೆಯುವ ಲೇಖನಿ ವೈದ್ಯಮಂಡಲದ ಕೈಯಲ್ಲಿದೆ. ಅದು ಕಾರಣವನ್ನೂ ಬರೆಯುವಂತೆ ಮಾಡುವುದು ಸರಕಾರದ ಕೈಯಲ್ಲಿದೆ. ಸರಕಾರವನ್ನು ಎಚ್ಚರಿಸುವುದು ನಮ್ಮೆಲ್ಲರ ಕೈಯಲ್ಲಿದೆ.