ಬ್ಯಾಡಗಿ ಮೆಣಸಿನಕಾಯಿ ವಿದೇಶಕ್ಕೆ ಹೋಗುತ್ತೆ, ನಮ್ಮ ವ್ಯಾಪಾರಿ ಯಾಕೆ ಹೋಗ್ತಿಲ್ಲ?

ಬ್ಯಾಡಗಿ: ನಮ್ಮ ಮೆಣಸಿನಕಾಯಿಗೆ 2011ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಜಾಸ್ತಿ. ಇದರಿಂದ ತೆಗೆಯೋ ಓಲಿಯೋರೆಸಿನ್ ಅನ್ನೋ ಕೆಂಪು ಸಾರ ವಿದೇಶದ ತಿಂಡಿ ತಿನಿಸಿಗೂ ಬೀಳುತ್ತೆ, ಲಿಪ್‌ಸ್ಟಿಕ್‌ಗೂ ಬೀಳುತ್ತೆ. ಆದ್ರೂ ದರ ಕುಸಿದಾಗ ಏನಾಗುತ್ತೆ ಅನ್ನೋದನ್ನ 2024ರ ಮಾರ್ಚ್ 11ರಂದು ಇಡೀ ರಾಜ್ಯ ನೋಡಿತು. ಎಪಿಎಂಸಿ ಆವರಣದಲ್ಲೇ ವಾಹನಗಳಿಗೆ ಬೆಂಕಿ ಬಿತ್ತು.

ಮಾಲು ನಮ್ಮದು, ಬೇಡಿಕೆ ಹೊರದೇಶದಲ್ಲೂ ಇದೆ. ಹಾಗಾದ್ರೆ ನಮ್ಮ ತಾಲ್ಲೂಕಿನ ಅಂಗಡಿಯವರು, ರೈತ ಸಂಘದವರು ನೇರವಾಗಿ ಮಾರೋಕೆ ಅಡ್ಡಿ ಏನು?

ಕಣ್ಣಳತೆ ಅಲ್ಲಿ ನಡೆಯಲ್ಲ

ಇಲ್ಲಿ ಚೀಲ ಬಿಚ್ಚಿ, ಒಂದು ಹಿಡಿ ತೆಗೆದು, ಬಣ್ಣ ನೋಡಿ ದರ ಹೇಳ್ತೀವಿ. ಹೊರಗಿನ ಖರೀದಿದಾರ ಅಂಕಿ ಕೇಳ್ತಾನೆ. ಬಣ್ಣಕ್ಕೆ ಆಸ್ಟಾ ಅನ್ನೋ ಅಳತೆ ಇದೆ. ತೇವಾಂಶ ಎಷ್ಟು, ಕೀಟನಾಶಕದ ಉಳಿಕೆ ಎಷ್ಟು, ಎಲ್ಲಕ್ಕೂ ಲ್ಯಾಬ್ ರಿಪೋರ್ಟ್ ಬೇಕು.

ಅಫ್ಲಾಟಾಕ್ಸಿನ್ ಅನ್ನೋ ಬೂಸ್ಟಿನ ವಿಷವನ್ನೇ ತಗೊಳ್ಳಿ. ಅದರ ಬಿ1 ಬಗೆಗೆ ಯುರೋಪಿಯನ್ ಯೂನಿಯನ್ ಇಟ್ಟಿರೋ ಮಿತಿ ಕೆಜಿಗೆ 5 ಮೈಕ್ರೋಗ್ರಾಂ. ಅಂದ್ರೆ ಒಂದು ಟನ್ ಮಾಲಿನಲ್ಲಿ ಒಂದೆರಡು ಸಾಸಿವೆ ಕಾಳಿನಷ್ಟು ತೂಕ! ತೂಕ ಬರಲಿ ಅಂತ ನೀರು ಚಿಮುಕಿಸಿದ ಚೀಲ, ಹಸಿ ನೆಲದ ಮೇಲೆ ಒಣಗಿಸಿದ ಕಾಯಿ ಅಲ್ಲಿ ಪಾಸಾಗೋದು ಕಷ್ಟ.

ಬಣ್ಣ ಬೆರೆಸಿದ್ರೆ ಇನ್ನೂ ಕಷ್ಟ. 2005ರಲ್ಲಿ ಬ್ರಿಟನ್‌ನಲ್ಲಿ ಮೆಣಸಿನ ಪುಡಿಯಲ್ಲಿ ಸುಡಾನ್ ಅನ್ನೋ ನಿಷೇಧಿತ ಬಣ್ಣ ಸಿಕ್ಕಿ, 400ಕ್ಕೂ ಹೆಚ್ಚು ಬಗೆಯ ಆಹಾರ ಪದಾರ್ಥಗಳನ್ನ ಅಂಗಡಿಗಳಿಂದ ವಾಪಸ್ ತೆಗೆಸಿದ್ರು. 2024ರಲ್ಲಿ ಹಾಂಗ್‌ಕಾಂಗ್, ಸಿಂಗಾಪುರದಲ್ಲಿ ಎಥಿಲೀನ್ ಆಕ್ಸೈಡ್ ಕಾರಣಕ್ಕೆ ಭಾರತದ ದೊಡ್ಡ ಮಸಾಲೆ ಬ್ರ್ಯಾಂಡ್‌ಗಳೇ ಸಿಕ್ಕಿಬಿದ್ದವು. ದೊಡ್ಡವರು ಅಂಥ ಹೊಡೆತ ತಡ್ಕೋತಾರೆ. ಸಣ್ಣ ವ್ಯಾಪಾರಿಯ ಒಂದು ಕಂಟೇನರ್ ಬಂದರಿನಲ್ಲಿ ನಿಂತ್ರೆ ಅಂಗಡಿಗೇ ಬೀಗ.

ದಾರಿ ಮೂರು

ಒಂದು, ಈಗಾಗಲೇ ರಫ್ತು ಮಾಡ್ತಿರೋ ಕಂಪನಿಗೆ ಮಾಲು ಕೊಡೋದು. ಲಾಭ ಕಡಿಮೆ, ಅಪಾಯವೂ ಕಡಿಮೆ. ಅವರು ಏನು ಪರೀಕ್ಷೆ ಮಾಡಿಸ್ತಾರೆ, ಯಾವ ಚೀಲ ತಿರಸ್ಕರಿಸ್ತಾರೆ ಅನ್ನೋದು ಪುಕ್ಕಟೆ ಪಾಠ.

ಎರಡು, ನಮ್ಮವರೇ ಇರೋ ಊರಿಂದ ಶುರು ಮಾಡೋದು. ದುಬೈಯಂಥ ಕಡೆ ಕನ್ನಡಿಗರಿದ್ದಾರೆ, ಬ್ಯಾಡಗಿ ಅಂದ್ರೆ ಏನು ಅಂತ ಅವರಿಗೆ ಹೇಳಿಕೊಡಬೇಕಿಲ್ಲ. ಸಣ್ಣ ಪಾರ್ಸೆಲ್‌ಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ. ಆ ದೇಶದ ಆಹಾರ ನಿಯಮ ಮಾತ್ರ ಮೊದಲೇ ನೋಡ್ಕೋಬೇಕು.

ಮೂರು, ಸ್ವಂತ ಹೆಸರಲ್ಲಿ ನೇರ ರಫ್ತು. ಇದಕ್ಕೆ ಡಿಜಿಎಫ್‌ಟಿಯ ಐಇಸಿ ನಂಬರ್, ಸ್ಪೈಸಸ್ ಬೋರ್ಡ್ ನೋಂದಣಿ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಬೇಕು. ಐಇಸಿ ಆನ್‌ಲೈನಲ್ಲೇ ಸಿಗುತ್ತೆ, ಖರ್ಚೂ ದೊಡ್ಡದಲ್ಲ. ಎಷ್ಟೋ ಜನ ಇದೊಂದು ಮಾಡಿಸಿ "ಎಕ್ಸ್‌ಪೋರ್ಟರ್" ಅಂತ ಬೋರ್ಡ್ ಹಾಕ್ಕೊಂಡು ಕೂತಿರ್ತಾರೆ. ಖರೀದಿದಾರ ಸಿಗೋದು, ಒಂದೇ ಗುಣಮಟ್ಟದ ಮಾಲು ಮತ್ತೆ ಮತ್ತೆ ಕೊಡೋದು ನಿಜವಾದ ಕೆಲಸ.

ದುಡ್ಡಿನ ಮಾತು

ಇಲ್ಲಿ ಉದ್ರಿ ಕೊಟ್ರೆ ಮನೆ ಬಾಗಿಲಿಗೆ ಹೋಗಿ ಕೇಳಬಹುದು. ಹೊರದೇಶದವನ ಮನೆ ಎಲ್ಲಿ ಹುಡುಕ್ತೀರಿ? ಹೊಸ ಗಿರಾಕಿ ಆದ್ರೆ ಮುಂಗಡ ತಗೋಬೇಕು, ಇಲ್ಲಾ ಬ್ಯಾಂಕ್ ಮೂಲಕ ಲೆಟರ್ ಆಫ್ ಕ್ರೆಡಿಟ್ ಮಾಡಿಸ್ಕೋಬೇಕು. ಹಣ ಬರದಿದ್ರೆ ಅಂತ ಕೇಂದ್ರ ಸರ್ಕಾರದ ಇಸಿಜಿಸಿ ವಿಮೆಯೂ ಇದೆ.

ಒಬ್ಬೊಬ್ಬರೇ ಲ್ಯಾಬ್ ಖರ್ಚು ಹೊತ್ತು ಹೋಗೋದು ಆಗದ ಮಾತು. ಹತ್ತು ಹದಿನೈದು ಜನ ರೈತರು, ವ್ಯಾಪಾರಿಗಳು ಸೇರಿ ಒಂದೇ ತಳಿಯ ಮಾಲನ್ನ ಟಾರ್ಪಾಲಿನ ಮೇಲೆ ಒಣಗಿಸಿ, ಬೇರೆ ಇಟ್ಟು, ಒಂದೇ ಸ್ಯಾಂಪಲ್ ಲ್ಯಾಬಿಗೆ ಕಳಿಸಿದ್ರೆ ಖರ್ಚು ಹಂಚಿಹೋಗುತ್ತೆ. ಆ ರಿಪೋರ್ಟ್ ಕೈಯಲ್ಲಿದ್ರೆ ವಿದೇಶಕ್ಕೆ ಹೋಗದೇ ಇದ್ರೂ ಇಲ್ಲಿನ ದೊಡ್ಡ ಕಂಪನಿ ಜೊತೆ ದರದ ಮಾತಾಡೋಕೆ ಒಂದು ಹಿಡಿತ ಸಿಗುತ್ತೆ. ಮುಂದಿನ ಸುಗ್ಗಿಗೆ ಮುಂಚೆ ಶುರು ಮಾಡಬಹುದಾದ ಕೆಲಸ ಇದು.