ಕುಕ್ಕುರುಗಾಲು ಮತ್ತು ಹರಡಿನ ಕೀಲು

ಮೊಣಕಾಲಿನ ನೋವಿನ ವಿಷಯವಾಗಿ ಮನೆಮನೆಯಲ್ಲಿಯೂ ಚರ್ಚೆ ನಡೆಯುವ ನಮ್ಮ ನಾಡಿನಲ್ಲಿ, ಅದರ ಕೆಳಗೆ ಇಡೀ ದೇಹದ ಭಾರವನ್ನು ಹೊರುವ ಕಾಲ್ಹರಡಿನ ಕೀಲನ್ನು, ಅದು ಉಳುಕಿದ ದಿನವಲ್ಲದೆ ಬೇರೆ ದಿನ ಯಾರೂ ಸ್ಮರಿಸುವುದಿಲ್ಲ.

ಕಣಕಾಲಿನ ಎರಡು ಎಲುಬುಗಳ ಕೆಳತುದಿಗಳು ಕೂಡಿ ರಚಿಸಿದ ಗೂಡಿನೊಳಗೆ, ಬಡಗಿ ಕೊರೆದ ತೂತಿನಲ್ಲಿ ಮರದ ನಾಲಿಗೆ ಕೂಡುವಂತೆ, ಪಾದದ ಮೇಲಣ ಎಲುಬು ಕುಳಿತಿದೆ. ಒಂದು ಸ್ನಾಯುವೂ ಅಂಟಿಕೊಂಡಿರದ ಈ ಎಲುಬು ಮುಂಭಾಗದಲ್ಲಿ ಅಗಲವಾಗಿಯೂ ಹಿಂಭಾಗದಲ್ಲಿ ಕಿರಿದಾಗಿಯೂ ಇರುವುದರಿಂದ, ಪಾದವು ಮೇಲಕ್ಕೆ ಬಾಗಿದಾಗ ಅಗಲವಾದ ಭಾಗವು ಗೂಡನ್ನು ತುಂಬಿ ಕೀಲು ದೃಢವಾಗುತ್ತದೆ. ಹಿಮ್ಮಡಿಯೆತ್ತಿದಾಗಲಾದರೋ ಕಿರಿದಾದ ಭಾಗವು ಅಲ್ಲಿಗೆ ಬಂದು ಸಡಿಲಾಗುತ್ತದೆ. ಎತ್ತರದ ಹಿಮ್ಮಡಿಯ ಪಾದರಕ್ಷೆ ತೊಟ್ಟವರ ಕಾಲು ಒಳಕ್ಕೆ ಹೊರಳಿ, ಹೊರಮಗ್ಗುಲಿನ ಅಸ್ಥಿಬಂಧಗಳಿಗೆ ಪೆಟ್ಟಾಗುವುದಕ್ಕೆ ಈ ಸಡಿಲತೆಯೂ ಒಂದು ಕಾರಣ.

ಪಾದವು ಕೆಳಕ್ಕೆ ಸುಮಾರು 50 ಡಿಗ್ರಿಯಷ್ಟು ಚಾಚಬಲ್ಲುದು; ಮೇಲಕ್ಕೆ ಬಾಗುವುದು ಸುಮಾರು 20 ಡಿಗ್ರಿ ಮಾತ್ರ, ಮೈಭಾರ ಬಿದ್ದಾಗ ಅದಕ್ಕಿಂತ ತುಸು ಹೆಚ್ಚು. ಹಿಮ್ಮಡಿಯನ್ನು ನೆಲಕ್ಕೂರಿ ಕುಕ್ಕುರುಗಾಲಿನಲ್ಲಿ ಕೂರುವುದಕ್ಕೂ, ಮೆಟ್ಟಿಲನ್ನು ಸಲೀಸಾಗಿ ಇಳಿಯುವುದಕ್ಕೂ ಬೇಕಾದದ್ದು ಈ ಅಲ್ಪವಾದ ಬಾಗುವಿಕೆಯೇ. ಲಾಹೋರಿನಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ ಎಂಬ ವೈದ್ಯರು 1893ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪಂಜಾಬಿನ ಜನರ ಈ ಕೀಲಿನ ಎಲುಬುಗಳ ಮುಂಬದಿಯಲ್ಲಿ ಒಂದಕ್ಕೊಂದು ತಗಲುವ ನುಣುಪಾದ ಸಣ್ಣ ಮುಖಗಳಿರುವುದನ್ನು ವರ್ಣಿಸಿ, ಅವು ಕುಕ್ಕುರುಗಾಲಿನ ಅಭ್ಯಾಸದ ಫಲವೆಂದು ವಾದಿಸಿದರು. ಮನುಷ್ಯನು ಕೂರುವ ರೀತಿಯು ಅವನ ಅಸ್ಥಿಯ ಮೇಲೆಯೇ ಲಿಖಿತವಾಗುವುದೆಂಬ ಈ ವಿಚಾರ ನನ್ನನ್ನು ಬಹುವಾಗಿ ಆಕರ್ಷಿಸಿದೆ.

ಕಳೆ ಕೀಳುವಾಗಲೂ ಒಲೆಯ ಮುಂದೆಯೂ ಶೌಚದಲ್ಲಿಯೂ ದಿನಕ್ಕೆ ಹತ್ತಾರು ಬಾರಿ ತಾನಾಗಿ ನಡೆಯುತ್ತಿದ್ದ ಈ ಚಲನೆಯನ್ನು, ಕುರ್ಚಿಯೂ ಕಮೋಡೂ ನಮ್ಮ ನಗರದ ಮಕ್ಕಳ ದಿನಚರಿಯಿಂದ ಬಹುಮಟ್ಟಿಗೆ ತೆಗೆದುಹಾಕಿವೆ. ವೃದ್ಧರಿಗೂ ಮೊಣಕಾಲು ಸವೆದವರಿಗೂ ಅವುಗಳಿಂದ ಆಗಿರುವ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆರು ವರ್ಷದ ಮಗುವಿಗೆ ಆ ವಿನಾಯಿತಿ ಏತಕ್ಕೆ? ನಮ್ಮ ಪ್ರಾಥಮಿಕ ಶಾಲೆಗಳು ಬೆಂಚುಗಳನ್ನು ಕೊಳ್ಳುವ ಉತ್ಸಾಹದಲ್ಲಿ ನೆಲವನ್ನು ಮರೆಯದೆ, ಆಟದ ಅವಧಿಯಲ್ಲಾದರೂ ಮಕ್ಕಳು ಬರಿಗಾಲಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಏಳುವಂತೆ ಪ್ರತಿದಿನವೂ ಏರ್ಪಡಿಸತಕ್ಕದ್ದು; ಇದಕ್ಕೆ ಸರ್ಕಾರದ ಅನುದಾನವೂ ಬೇಡ, ಸಲಕರಣೆಯೂ ಬೇಡ.